ತಿದ್ದುಪಡಿ ಮೇಷ್ಟ್ರ ಕಣ್ಣಿನ ಪರೀಕ್ಷೆ

೨೦೧೪ನೆಯ ಇಸವಿ, ಫೆಬ್ರವರಿ ಹನ್ನೊಂದು, ಮಂಗಳವಾರ. ಚಳಿಗಾಲ ಗಂಟುಮೂಟೆ ಕಟ್ಟುತ್ತಿದ್ದ ದಿನಗಳು. ಆಕಾಶ ಬೆಳಗಿಟ್ಟ ತಟ್ಟೆಯಂತೆ ನಿರ್ಮಲವಾಗಿತ್ತು. ಮುದ್ರಣಾಲಯದಲ್ಲಿ ಕರಡು ತಿದ್ದುವ, ಎಲ್ಲರ ಬಾಯಲ್ಲೂ ‘ತಿದ್ದುಪಡಿ ಮೇಷ್ಟ್ರು’ ಎನಿಸಿಕೊಂಡ ಹಿರಿಯರು ಹೊಸ್ತಿಲಲ್ಲಿ ನಿಂತು, ಬೀದಿಯುದ್ದಕ್ಕೂ ಕಣ್ಣು ಹಾಯಿಸಿ ತೀರ್ಪು ಕೊಟ್ಟರು.

“ಇವತ್ತು ಮಂಜು ಜಾಸ್ತಿ.”

“ಮಂಜು ಬೀದೀಲಿಲ್ಲ ರೀ, ನಿಮ್ಮ ಕಣ್ಣಲ್ಲಿದೆ,” ಎಂದರು ಪತ್ನಿ. “ಬೇಗ ಚಪ್ಪಲಿ ಮೆಟ್ಟಿ. ಅದು ನಂದು, ನಿಮ್ಮದು ಆ ಕಡೆ.”

ಅರವತ್ತೊಂದು ವರ್ಷ ಕಣ್ಣಿನ ವೈದ್ಯರ ಮೆಟ್ಟಿಲು ಹತ್ತದ ಹೆಗ್ಗಳಿಕೆ ಮೇಷ್ಟ್ರದು. ಅದಕ್ಕೆ ಕುತ್ತು ತಂದದ್ದು ಹಲ್ಲಿನ ವೈದ್ಯರೊಬ್ಬರ ಕರಪತ್ರ. ‘ನೋವಿಲ್ಲದೆ ಹಲ್ಲು ಕೀಳಲಾಗುವುದು’ ಎಂದಿರಬೇಕಾದದ್ದು, ಮೇಷ್ಟ್ರ ಕಣ್ಗಾವಲಿನಲ್ಲಿಯೇ ‘ನೋವಿಲ್ಲದ ಹಲ್ಲು ಕೀಳಲಾಗುವುದು’ ಎಂದು ಅಚ್ಚಾಗಿ ಊರೆಲ್ಲ ಹಂಚಿಹೋಗಿತ್ತು. ಮಾಲೀಕರು ಕಡ್ಡಿ ಮುರಿದಂತೆ ಹೇಳಿದ್ದರು: “ಶನಿವಾರದೊಳಗೆ ಕಣ್ಣು ತೋರಿಸ್ಕೊಂಡು ಬನ್ನಿ ಮೇಷ್ಟ್ರೇ. ಇಲ್ಲದಿದ್ರೆ ನಿಮ್ಮ ಮೇಜಿಗೆ ಬೇರೆಯವರು ಬರ್ತಾರೆ.”

“ಪರೀಕ್ಷೇಲಿ ಫೇಲಾದ ಚರಿತ್ರೆಯೇ ನಂಗಿಲ್ಲ,” ಎಂದು ಮೇಷ್ಟ್ರು ದಾರಿಯುದ್ದಕ್ಕೂ ಮೀಸೆ ತಿರುವಿದರು.

ಕಣ್ಣಿನ ಆಸ್ಪತ್ರೆಯಲ್ಲಿ ಮೊದಲು ಮೇಷ್ಟ್ರ ಗದ್ದವನ್ನು ಒಂದು ಯಂತ್ರದ ಮೇಲೆ ಇಡಿಸಲಾಯಿತು. ಅದು ಕಣ್ಣಿಗೆ ಫೂ ಎಂದು ಗಾಳಿ ಊದಿತು. ಮೇಷ್ಟ್ರು ಕುರ್ಚಿಯ ಸಮೇತ ಒಂದು ಮಾರು ಹಿಂದೆ ಸರಿದರು.

“ಒಂದು ಮಾತು ಹೇಳಿ ಊದಬಾರದೇನಮ್ಮಾ?”

“ಹೇಳಿದ್ರೆ ಕಣ್ಣು ಮುಚ್ಕೋತೀರಿ ಸರ್,” ಎಂದಳು ಪರೀಕ್ಷೆ ನಡೆಸುತ್ತಿದ್ದ ತರುಣಿ.

ಬಳಿಕ ಒಂದು ಕಣ್ಣನ್ನು ಮುಚ್ಚಿಸಿ, ಎದುರು ಗೋಡೆಯ ಅಕ್ಷರಪಟ್ಟಿ ಓದಲು ಹೇಳಿದಳು. ಮೇಲಿನ ದಪ್ಪಕ್ಷರಗಳು ಹೇಗೋ ದಾಟಿದವು. ಮೂರನೆಯ ಸಾಲಿಗೆ ಬಂದಾಗ ಮೇಷ್ಟ್ರು ಗಂಟಲು ಸರಿಪಡಿಸಿಕೊಂಡರು.

“ಕಮಲ.”

ತರುಣಿಯ ಲೇಖನಿ ನಿಂತಿತು. “ಮುಂದಿನ ಸಾಲು ಸರ್?”

“ಸರಳ ಬದುಕು.”

“ಪದ ಬೇಡ ಸರ್, ಬಿಡಿಬಿಡಿ ಅಕ್ಷರ ಹೇಳಿ.”

“ಅಕ್ಷರ ಸೇರಿದ್ಮೇಲೆ ಅರ್ಥ ಇರಬೇಕಲ್ಲಮ್ಮಾ?”

“ಇಲ್ಲಿ ಅರ್ಥ ಇಲ್ಲ ಸರ್.”

“ಅರ್ಥವಿಲ್ಲದ್ದನ್ನ ಅಚ್ಚು ಹಾಕಿಸಿದ ಪುಣ್ಯಾತ್ಮ ಯಾರು? ಇರಲಿ, ಕೊನೇ ಸಾಲು ಸೊಗಸಾಗಿದೆ. ಸತ್ಯಕ್ಕೆ ಸಾವಿಲ್ಲ.”

“ಅದು ಸಾಲಲ್ಲ ಸರ್. ಪಟ್ಟಿಯ ಚೌಕಟ್ಟು.”

ನಲವತ್ತು ವರ್ಷದ ವೃತ್ತಿ ಮೇಷ್ಟ್ರಿಗೆ ಕಲಿಸಿದ್ದು ಇದೇ ವಿದ್ಯೆ: ವಾಕ್ಯ ಹೇಗಿರಬೇಕೋ ಹಾಗೆಯೇ ಅದನ್ನು ಕಾಣುವುದು. ಮೂಲೆಯ ಬೆಂಚಿನಲ್ಲಿ ಕುಳಿತಿದ್ದ ಪತ್ನಿ ಮೆಲ್ಲನೆ ಎದ್ದು ನಿಂತರು.

“ಬೆಳಿಗ್ಗೆ ಪೇಪರು ಓದಿ ಹೇಳ್ತಿದ್ದದ್ದೂ ಹೀಗೇನಾ? ಮೊನ್ನೆ ಈರುಳ್ಳಿ ಬೆಲೆ ಇಳೀತು ಅಂದ್ರಲ್ಲ ರೀ, ದೊಡ್ಡ ಚೀಲ ಹಿಡ್ಕೊಂಡು ಹೋಗಿ ಅಂಗಡಿಯವನ ಮುಂದೆ ಮಾನ ಕಳ್ಕೊಂಡೆ.”

“ಇಳೀಬೇಕಿತ್ತು,” ಎಂದರು ಮೇಷ್ಟ್ರು ಕ್ಷೀಣವಾಗಿ.

ಶುಕ್ರವಾರ ಕನ್ನಡಕ ಬಂದಿತು. ಶನಿವಾರ ಅದನ್ನು ಮೂಗಿಗೇರಿಸಿ, ಹೊಸ ಪುಸ್ತಕದ ಕರಡನ್ನು ಹರಡಿಕೊಂಡು ಮೇಷ್ಟ್ರು ತಮ್ಮ ಮೇಜಿನ ಮುಂದೆ ವಿರಾಜಮಾನರಾದರು. ಪುಟಕ್ಕೊಂದಲ್ಲ, ಸಾಲಿಗೊಂದು ತಪ್ಪು ಇಣುಕುತ್ತಿತ್ತು. ಸಂಜೆಯ ಹೊತ್ತಿಗೆ ಮೊದಲ ಅಧ್ಯಾಯ ಕೆಂಪು ಶಾಯಿಯಲ್ಲಿ ಮಿಂದು ರಣರಂಗವಾಗಿತ್ತು. ಮಾಲೀಕರು ಹಾಳೆಯೊಂದನ್ನು ಎತ್ತಿ ನೋಡಿ ಬೆವರಿದರು.

“ಏನ್ ಮೇಷ್ಟ್ರೇ ಇದು?”

“ತಪ್ಪುಗಳು ಸ್ವಾಮಿ. ಇನ್ನು ಒಂದೂ ನನ್ನ ಕೈಯಿಂದ ತಪ್ಪಿಸಿಕೊಳ್ಳಲ್ಲ.”

“ಸೋಮವಾರ ಇದು ಅಚ್ಚಿಗೆ ಹೋಗ್ಬೇಕು.” ಮಾಲೀಕರು ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. “ಕರಪತ್ರಕ್ಕೆ ಕನ್ನಡಕ ಹಾಕ್ಕೊಳ್ಳಿ, ಅದನ್ನ ಜನ ಓದ್ತಾರೆ. ಪುಸ್ತಕಕ್ಕೆ ತೆಗೆದಿಡಿ.”

ಪುಸ್ತಕವು ಫೆಬ್ರವರಿ ಇಪ್ಪತ್ತನಾಲ್ಕರಂದು ಹೊರಬಂದಿತು. ಮೇಜು ಮೇಷ್ಟ್ರಿಗೇ ಉಳಿಯಿತು. ಮಾರ್ಚ್ ಒಂದರಿಂದ ಮನೆಯಲ್ಲಿ ಬೇಳೆಯ ಕಲ್ಲು ಆರಿಸುವ ಕೆಲಸವನ್ನು ಪತ್ನಿ ಮೇಷ್ಟ್ರಿಗೆ ವಹಿಸಿದ್ದಾರೆ. ಅಲ್ಲಿ ಕನ್ನಡಕ ತೆಗೆಯಲು ಅಪ್ಪಣೆಯಿಲ್ಲ.