ಮಾವನ ಹೆಬ್ಬೆರಳು

ದೇವರು ನಮ್ಮ ಸೋದರಮಾವನಿಗೆ ಎರಡು ಕಣ್ಣು ಕೊಟ್ಟದ್ದು ದಂಡ! ಹೀಗೆಂದು ಮೊದಲು ಸಾರಿದವರು ಸ್ವತಃ ಮಾವ.

ಅವರು ಪೀಣ್ಯದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. "ಕಣ್ಣು ದಾರಿ ತೋರಿಸುತ್ತೆ ಅಷ್ಟೇ ಕಣೋ. ಮುಟ್ಟಿದ ಮೇಲೆ ಅದಕ್ಕೇನು ಕೆಲಸ?" ಎನ್ನುತ್ತಿದ್ದರು. ಉಜ್ಜಿದ ಕಬ್ಬಿಣದ ಮೇಲೆ ಹೆಬ್ಬೆರಳು ಎಳೆದು, ಸೂರು ನೋಡುತ್ತಲೇ ಎಲ್ಲಿ ತರಿಯಿದೆ ಎಂದು ಹೇಳಿಬಿಡುವರು. ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಲಗ್ಗೆರೆಯ ತಳ್ಳುಗಾಡಿಯ ಟೊಮ್ಯಾಟೊ ಮೇಲೂ ಅದೇ ಹೆಬ್ಬೆರಳು!

"ಯಜಮಾನ್ರೇ, ತಗೊಳ್ಳೋದಾದ್ರೆ ತಗೊಳ್ಳಿ, ಮಸಾಜ್ ಮಾಡ್ಬೇಡಿ!" ಎಂದು ಗಾಡಿಯಾಕೆ ಕೂಗಿದ್ದಕ್ಕೆ ನಾನೇ ಸಾಕ್ಷಿ.

ಮಗಳನ್ನು ನೋಡಲು ಬಂದ ವರನ ಕೈ ಕುಲುಕಿ, ಅಂಗೈ ಸವರಿ, "ಈ ಕೈ ಇನ್ನೂ ಏನನ್ನೂ ಹಿಡಿದಿಲ್ಲ" ಎಂದು ಎಲ್ಲರೆದುರೇ ತೀರ್ಪು ಕೊಟ್ಟರು. ಬಂದವರು ಕೇಸರಿಬಾತನ್ನು ಅರ್ಧಕ್ಕೇ ಬಿಟ್ಟು ಎದ್ದರು. ಮಗಳು ತಿಂಗಳುಗಟ್ಟಲೆ ಅಪ್ಪನ ಜೊತೆ ಮಾತು ಬಿಟ್ಟಳು.

ನನಗೂ ತೀರ್ಪು ಸಿಕ್ಕಿದೆ. ಹತ್ತನೇ ತರಗತಿಯ ರಜೆಯಲ್ಲಿ ಅವರಿಂದ ಕೆಲಸ ಕಲಿಯಲು ಹೋಗಿದ್ದೆ. ಕಬ್ಬಿಣ ಉಜ್ಜುವ ಅರ ಹಿಡಿದ ನನ್ನ ಬೆರಳುಗಳು ಬಿಗಿದು ಬೆಳ್ಳಗಾಗಿದ್ದವು. "ಕತ್ತು ಹಿಸುಕ್ತಾ ಇದೀಯಲ್ಲೋ!" ಎಂದು ಬೈದು, ಸಂಜೆ ನಮ್ಮಮ್ಮನಿಗೆ, "ಇವನು ಕೈಯಲ್ಲಲ್ಲ, ಕಣ್ಣಲ್ಲಿ ಹಿಡಿಯೋನು. ಪೇಪರ್ ಆಫೀಸಿಗೆ ಸೇರಿಸಿ, ಅಲ್ಲಿ ಪೆನ್ನಿಗಿಂತ ಭಾರದ್ದು ಇರಲ್ಲ" ಎಂದರು. ಹಾಗೇ ಸೇರಿದೆ. ಮೂವತ್ತು ವರ್ಷವಾದರೂ ಆ ಮಾತು ಗಂಟಲಿನಿಂದ ಕೆಳಗಿಳಿದಿಲ್ಲ.

ಹೆಗ್ಗನಹಳ್ಳಿಯ ಸಣ್ಣ ವರ್ಕ್‌ಶಾಪೊಂದು ಈಗಲೂ ಪ್ರತಿ ಶನಿವಾರ ಅವರನ್ನು ಕರೆಸಿ, ತಯಾರಾದ ಬಿಡಿಭಾಗಗಳ ಮೇಲೆ ಆ ಹೆಬ್ಬೆರಳು ಆಡಿಸುತ್ತದೆ. "ಬನ್ನಿ ಮೇಸ್ತ್ರಿ" ಎಂದು ಒಂದು ಕುರ್ಚಿ ಹಾಕುತ್ತಾರೆ. ಆ ಕುರ್ಚಿಗಾಗಿ ಮಾವ ಉಳಿದ ಆರು ದಿನ ಬದುಕುತ್ತಾರೆ.

ಈಚೆಗೆ ಅವರ ಮನೆಯಲ್ಲಿ ಲೋಟಗಳು ಬೀಳತೊಡಗಿದವು. ತಪ್ಪು ಯಾರದ್ದು? ಲೋಟದ್ದು!

"ಈಗಿನ ಸ್ಟೀಲು ಜಾರುತ್ತೆ ಕಣೇ."

"ಅದು ನಮ್ಮಪ್ಪ ಮದುವೇಲಿ ಕೊಟ್ಟ ಲೋಟ" ಎಂದರು ಅತ್ತೆ.

ಟೀವಿ ನೋಡುತ್ತಾ ಕಾಫಿ ಕುಡಿಯುತ್ತಿದ್ದವರು ಈಗ ಲೋಟವನ್ನೇ ದಿಟ್ಟಿಸುತ್ತಾ ಕುಡಿಯುತ್ತಿದ್ದರು, ಕಳ್ಳನನ್ನು ಕಾಯುವ ಪೇದೆಯ ಹಾಗೆ. ವರದಿಗಾರನಾದ ನಾನು ಅದನ್ನು ಗಮನಿಸಿದೆ. ಖುಷಿಯಿಂದಲೇ ಗಮನಿಸಿದೆ ಎಂಬುದೂ ದಾಖಲಾಗಲಿ.

ಕಳೆದ ಗುರುವಾರ ಸಂಜೆ ನಾವಿಬ್ಬರೇ ಕಾಫಿ ಕುಡಿಯುತ್ತಿದ್ದೆವು; ಅತ್ತೆ ಬಟ್ಟೆ ತರಲು ಮಹಡಿಗೆ ಹೋಗಿದ್ದರು. ಕರೆಂಟ್ ಹೋಯಿತು. ಹೋದ ಕ್ಷಣವೇ, ಠಣ್! ಲೋಟ ಕಾಣದಾಯಿತು, ಮಾವನ ಕೈಯೂ ಅದನ್ನು ಬಿಟ್ಟಿತು.

"ಯಾವಾಗಿಂದ ಮಾವ?"

"ಶುಗರ್ ಕಣೋ. ವರ್ಷ ಆಯ್ತು, ಬೆರಳಿಗೆ ಏನೂ ಗೊತ್ತಾಗಲ್ಲ. ನಿಮ್ಮತ್ತೆಗೆ ಹೇಳ್ಬೇಡ."

"ಮತ್ತೆ ಶನಿವಾರ?"

"ಸುಮ್ನೆ ಬೆರಳು ಎಳೀತೀನಿ, ಸರಿ ಇದೆ ಅಂತೀನಿ." ಆಮೇಲೆ ದನಿ ತಗ್ಗಿಸಿ, "ಹೋದ ವಾರ ನಾನು ಪಾಸ್ ಮಾಡಿದ ಪೀಸು ಒಬ್ಬರ ಅಂಗೈ ಕುಯ್ದು ಹಾಕ್ತು" ಎಂದರು.

ನೀವೂ ಈಗ ಕಣ್ಣಲ್ಲಿ ಹಿಡಿಯೋರೇ! ಮೂವತ್ತು ವರ್ಷ ಕಾದ ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಕತ್ತಲಲ್ಲೇ ತಡಕಿ ಅವರ ಕೈ ಹಿಡಿದುಕೊಂಡೆ. ಮಾವ ಅಲುಗಲಿಲ್ಲ, ಹಿಡಿದದ್ದು ಅವರಿಗೆ ಗೊತ್ತೇ ಆಗಿರಲಿಲ್ಲ.

ಕರೆಂಟ್ ಬಂತು. ಮಾವ ತಲೆ ತಗ್ಗಿಸಿದರು. ತಮ್ಮ ಕೈಯೊಳಗೆ ನನ್ನ ಕೈ ಕಂಡಿತು.

"ಶನಿವಾರ ಬರಲ್ಲ ಅಂತ ನೀನೇ ಫೋನ್ ಮಾಡ್ಬಿಡು" ಎಂದು ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡರು. ಅವರ ಬೆರಳುಗಳು ಬೆಳ್ಳಗಾಗಿದ್ದವು. ನೋಯುತ್ತಿತ್ತು, ಹೇಳಲಿಲ್ಲ.