ಒಂದು ಎಕರೆ ಸೆನ್ಸರ್

ನಮ್ಮ ಕಾಕಾ ಇದುವರೆಗೆ ಯಾವ ಕ್ಯಾಮೆರಾ ಪಂದ್ಯದಲ್ಲೂ ಸೋತವರಲ್ಲ. ಗೆದ್ದವರೂ ಅಲ್ಲ ಬಿಡಿ. ಪ್ರತಿ ಸಲವೂ ಪಂದ್ಯವನ್ನೇ ರದ್ದು ಮಾಡಿಬಿಡುತ್ತಾರೆ!

ಭೀಮರಾಯನಗುಡಿಯಲ್ಲಿ ಕಾಲುವೆ ನೀರಿನ ಪಾಳಿ ನೋಡಿಕೊಂಡಿದ್ದು ನಿವೃತ್ತರಾದವರು. ಮೇಲಿನ ಹೊಲಕ್ಕೆ ಹೆಚ್ಚು ಬಿಟ್ಟಿರಿ, ಕೆಳಗಿನದಕ್ಕೆ ಕಡಿಮೆ ಬಿಟ್ಟಿರಿ ಎಂಬ ಜಗಳ ಬಿಡಿಸಿ ಬಿಡಿಸಿ ನ್ಯಾಯದ ಹುಚ್ಚು ತಲೆಗೇರಿದೆ. ಈಗ ಕೈಯಲ್ಲಿ ನೀರಿಲ್ಲ, ಹಳೆಯ ಪುಟ್ಟ ಕ್ಯಾಮೆರಾ ಇದೆ. ನಾನು ಬೆಳಕು ಹಿಡಿಯುವ ಸೆನ್ಸರ್ ದೊಡ್ಡದಿರುವ ಹೊಸ ಕ್ಯಾಮೆರಾ ಕೊಂಡ ದಿನವೇ ನನ್ನ ಗ್ರಹಚಾರ ಶುರುವಾಯಿತು.

ಯಾರ ಚಿತ್ರ ಚೆಂದ ಎಂಬ ನಮ್ಮಿಬ್ಬರ ಮೊದಲ ಪಂದ್ಯ ಸಂಜೆ, ಕಾಲುವೆ ದಂಡೆಯ ಮೇಲೆ. ಎದುರಿಗೆ ಶಹಾಪುರದ ಮಲಗಿದ ಬುದ್ಧನ ಬೆಟ್ಟ. ಅಲುಗಾಡುವುದಿಲ್ಲ, ಕಣ್ಣು ಮಿಟುಕಿಸುವುದಿಲ್ಲ. ಇದಕ್ಕಿಂತ ಒಳ್ಳೆಯ ಗಿರಾಕಿ ಯಾರಿಗೆ ಸಿಕ್ಕಾನು? ನನ್ನ ಚಿತ್ರ ಸ್ವಚ್ಛವಾಗಿ ಬಂತು. ಕಾಕಾನದರ ತುಂಬ ರವೆ ಚೆಲ್ಲಿದಂತೆ ಚುಕ್ಕೆಗಳು.

"ನಿಂದು ನಾಕ ಎಕರೆ ಸೆನ್ಸರ್, ನಂದು ಒಂದ ಎಕರೆ. ಬೆಳಕ ನಿನ್ನ ಹೊಲಕ್ಕ ಹೆಚ್ಚ ಹರೀತು. ಇದು ಬರೋಬರಿ ಆಗಲಿಲ್ಲ, ಕ್ಯಾನ್ಸಲ್" ಎಂದರು.

ಬೆಳಕು ಕಡಿಮೆ ಹರಿಯಲೆಂದು ನನ್ನ ಲೆನ್ಸಿನ ಬಾಯಿ ಕಿರಿದು ಮಾಡಿ ಮತ್ತೆ ತೆಗೆದೆ.

"ನೀ ಮೊದಲ ತಗದಿ. ನನ್ನ ಪಾಳಿ ಬರೋದ್ರಾಗ ಹೊತ್ತ ಇಳೀತು."

ಅವರನ್ನೇ ಮುಂದೆ ಬಿಟ್ಟೆ. "ಈಗ ನಿನಗ ಅನ್ಯಾಯ ಆಯ್ತಲ್ಲೋ" ಎಂದು ಅದನ್ನೂ ರದ್ದು ಮಾಡಿದರು. ಇಬ್ಬರೂ ಒಟ್ಟಿಗೆ ತೆಗೆಯೋಣವೆಂದರೆ ನಿಲ್ಲುವ ಜಾಗವೂ ಒಂದೇ ಇರಬೇಕಂತೆ. ಒಂದೇ ಹೊತ್ತಿಗೆ ಒಂದೇ ಜಾಗದಲ್ಲಿ ಇಬ್ಬರು ನಿಲ್ಲುವುದು ಹೇಗೆ? ಕಾಕಾನ ಹೆಗಲೇರಬೇಕೇ?

ಕೊನೆಗೆ ಅವರ ಹೆಂಡತಿ, ನಮ್ಮ ಕಾಕು, ಬೇಸತ್ತು ಹೇಳಿದರು: "ಇದ ಕಡೀದು. ಚಿತ್ರಕ್ಕ ನಾನ ಕುಂದರ್ತೀನಿ. ಸೋತ ಕ್ಯಾಮೆರಾ ಗುಜರಿಯವಗ ಕೊಟ್ಟಬಿಡ್ತೀನಿ."

ಕಾಕಾನ ಮುಖ ಸಣ್ಣದಾಯಿತು. ಹಳೆಯ ಕ್ಯಾಮೆರಾವನ್ನು ಅಂಗಿಯ ತುದಿಯಿಂದ ಒರೆಸುತ್ತ ನಿಂತರು.

ಕಾಕು ಮನೆ ಮುಂದಿನ ಕಟ್ಟೆಯ ಮೇಲೆ ಕುಳಿತರು. ಮೊದಲು ನಾನು ತೆಗೆದೆ. ರೆಪ್ಪೆ ಎಣಿಸುವಷ್ಟು ಸ್ಪಷ್ಟ, ಮುಖ ಮಾತ್ರ ಆಧಾರ್ ಕಾರ್ಡಿನದು. ಆಮೇಲೆ ಕಾಕಾ ಒಂದು ಕಣ್ಣು ಮುಚ್ಚಿ, ನಾಲಿಗೆ ಕಚ್ಚಿ ಕ್ಯಾಮೆರಾ ಎತ್ತಿದರು. ಅವರ ಚಿತ್ರದಲ್ಲಿ ಕಾಕು ಹೊಸ ಮದುಮಗಳಂತೆ ನಗುತ್ತಿದ್ದರು. ರವೆ ಇತ್ತೋ ಇಲ್ಲವೋ, ನನ್ನ ಕಣ್ಣಿಗೆ ಬೀಳಲಿಲ್ಲ.

"ಕಾಕಾ, ನೀವ ಗೆದ್ರಿ" ಎಂದೆ.

ಅವರು ಬಹಳ ಹೊತ್ತು ಚಿತ್ರ ನೋಡಿದರು. "ಇಲ್ಲೋ, ಇದೂ ಬರೋಬರಿ ಆಗಲಿಲ್ಲ. ಆಕಿ ನಿನಗ ಬರೇ ಮುಖ ಕೊಟ್ಟಾಳ, ನನಗ ನಗಿ ಕೊಟ್ಟಾಳ. ಕ್ಯಾನ್ಸಲ್."

"ಹಂಗಾದ್ರ ಇನ್ನೊಮ್ಮಿ ತಗೀರಿ. ಈ ಸಲ ನಗಂಗಿಲ್ಲ" ಎಂದು ಕಾಕು ಬಿಗಿಯಾಗಿ ಕುಳಿತರು.

ಕಾಕಾ ಮತ್ತೆ ನಾಲಿಗೆ ಕಚ್ಚಿದರು. ಕಾಕು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಗು ಕಣ್ಣಿಗೆ ಹೋಯಿತು. ನನಗೆ ಹೊಟ್ಟೆಕಿಚ್ಚೂ ಆಯಿತು, ಕಣ್ಣೂ ತುಂಬಿತು.

"ಕಾಕು, ಗುಜರಿಯವ ಬಂದ್ರ ನಂದ ಕೊಟ್ಟಬಿಡ್ರಿ" ಎಂದೆ.