ಹತ್ತೊಂಬತ್ತು ದಿನದ ಹೆಡ್‌ಮಾಸ್ತರಕಿ

ನಮ್ಮ ಕಾಕಾ ಹೆಡ್‌ಮಾಸ್ತರ್ ಆಗಿದ್ದದ್ದು ಹತ್ತೊಂಬತ್ತು ದಿನ. ಹೆಡ್‌ಮಾಸ್ತರರಂತೆ ಬದುಕಿದ್ದು ಇಪ್ಪತ್ತಾರು ವರ್ಷ. ಈ ಎರಡನ್ನೂ ಕೂಡಿಸಬೇಕೋ ಕಳೆಯಬೇಕೋ ಎಂಬ ವಾದ ನಮ್ಮ ಮನೆತನದಲ್ಲಿ ಇನ್ನೂ ಇತ್ಯರ್ಥವಾಗಿಲ್ಲ.

ಬಡ್ತಿಯ ಸುದ್ದಿ ಬಂದ ಮಧ್ಯಾಹ್ನ ಸಿಂದಗಿಯ ಅವರ ಮನೆಯ ಪಡಸಾಲೆಯಲ್ಲಿ ಐದು ಜನ ಇದ್ದೆವು. ಕಾಕಾನ ಹೆಂಡತಿ, ನಮ್ಮ ಕಾಕು, ಮೂಲೆಯಲ್ಲಿ ಕೂತು ಶೇಂಗಾ ಒಡೆಯುತ್ತಿದ್ದರು. ಕಾಕಾನ ಅಣ್ಣ, ನಮ್ಮಪ್ಪ, ನಿನ್ನೆಯ ಪೇಪರನ್ನು ಇವತ್ತಿನದೆಂದು ತಿಳಿದು ಓದುತ್ತಿದ್ದರು. ನಾನು ಒಡೆದ ಶೇಂಗಾ ತಿನ್ನುತ್ತಿದ್ದೆ. ಪಕ್ಕದ ಮನೆಯ ದರ್ಜಿ ಇಮಾಮಸಾಬ ಕಾಕಾನ ಸೊಂಟಕ್ಕೆ ಟೇಪು ಸುತ್ತಿ ಪ್ಯಾಂಟಿನ ಅಳತೆ ತೆಗೆಯುತ್ತಿದ್ದ. ಆಗ ಕಾಕಾನ ಫೋನು ಟಿಣ್ ಎಂದಿತು. ಕಾಕಾ ಓದಿದರು, ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ಓದಿದರು. ಆಮೇಲೆ ಎದೆ ಉಬ್ಬಿಸಿ ನಿಂತುಬಿಟ್ಟರು.

"ಉಸುರ ಬಿಡ್ರಿ ಸರ್, ಅಳತಿ ಎರಡ ಇಂಚ ಹೆಚ್ಚ ಬರಾಕತ್ತೈತಿ," ಎಂದ ಇಮಾಮಸಾಬ.

"ಅದ ಇರಲಿ, ಬರಕೋ. ಇದು ಹೆಡ್‌ಮಾಸ್ತರ ಪ್ಯಾಂಟು."

ಅಪ್ಪ ಪೇಪರು ಕೆಳಗಿಳಿಸಿ, "ನೀ ರಿಟೈರ್ ಆಗೂದು ಯಾವಾಗ?" ಎಂದು ಕೇಳಿದರು.

"ಈ ತಿಂಗಳ ಕೊನಿಗಿ."

"ಇಮಾಮಣ್ಣಾ, ಲಗೂನ ಹೊಲಿ," ಎಂದರು ಕಾಕು, ಶೇಂಗಾದಿಂದ ಕಣ್ಣೆತ್ತದೆ. "ನೀ ಗುಂಡಿ ಹಚ್ಚೂದ್ರಾಗ ಇವರ ಹೆಡ್‌ಮಾಸ್ತರಕಿ ಮುಗೀತೈತಿ."

ಇಲ್ಲಿ ಕಾಕಾನ ಹುಟ್ಟಿದ ದಿನದ ವಿಷಯ ಹೇಳಲೇಬೇಕು. ನಮ್ಮ ಕಡೆ ಒಂದು ಕಾಲದಲ್ಲಿ ಎಲ್ಲರೂ ಜೂನ್ ಒಂದಕ್ಕೇ ಹುಟ್ಟುತ್ತಿದ್ದರು. ನಮ್ಮ ಅಜ್ಜಿ ಮಗನ ಕೈ ಹಿಡಿದು ಶಾಲೆಗೆ ಸೇರಿಸಲು ಹೋದಾಗ ಮಾಸ್ತರರು, "ಯಾವಾಗ ಹುಟ್ಯಾನವ್ವಾ?" ಎಂದು ಕೇಳಿದರಂತೆ. "ಜ್ವಾಳ ಹಾಲಗಾಳ ಹಿಡಿದಿತ್ರಿ," ಎಂದಳಂತೆ ಅಜ್ಜಿ. ಅಂದರೆ ಥಂಡಿಯ ದಿನ. ಮಾಸ್ತರರು "ಆತ ಬಿಡವ್ವಾ" ಎಂದು ಜೂನ್ ಒಂದು ಬರೆದು, ಕೂಸನ್ನು ಆರು ತಿಂಗಳು ಮೊದಲೇ ಹುಟ್ಟಿಸಿದರು. ಅದರ ಪರಿಣಾಮ ಐವತ್ತೈದು ವರ್ಷದ ಮೇಲೆ ಗೊತ್ತಾಯಿತು: ಜೂನ್ ಒಂದರಂದು ಹುಟ್ಟಿದವರು ಮೇ ಕೊನೆಯ ದಿನ ನಿವೃತ್ತರು! ಜೋಳವನ್ನು ಸರಕಾರ ನಂಬಿದ್ದರೆ ಕಾಕಾ ಚಳಿಗಾಲದವರೆಗೆ ಕುರ್ಚಿಯಲ್ಲಿರುತ್ತಿದ್ದರು. ಈಗ ಕುರ್ಚಿಗೆ ಕೂರಲು ಉಳಿದದ್ದು ಹತ್ತೊಂಬತ್ತು ದಿನ. ಅದರಲ್ಲೂ ಹದಿನಾರು ದಿನ ಬೇಸಿಗೆ ರಜೆ. ಮಕ್ಕಳಿಲ್ಲದ ಶಾಲೆಗೆ ಹೆಡ್‌ಮಾಸ್ತರ್ ಆಗುವ ಯೋಗ ಎಷ್ಟು ಜನರಿಗೆ ಬರುತ್ತದೆ ಹೇಳಿ?

ಕಾಕಾನಿಗೆ ಈ ಹುಚ್ಚು ಹಿಡಿದದ್ದು ನೌಕರಿಗೆ ಸೇರಿದ ಕೆಲವು ವರ್ಷಕ್ಕೆ. ಮೋರಟಗಿ ಹತ್ತಿರದ ಒಂದು ಶಾಲೆಯಲ್ಲಿ ಸಹಶಿಕ್ಷಕರಾಗಿದ್ದರು. ಅಲ್ಲಿನ ಹೆಡ್‌ಮಾಸ್ತರರು ಮಗಳ ಬಾಣಂತನಕ್ಕೆ ರಜೆ ಹಾಕಿದಾಗ ನಾಲ್ಕು ದಿನ ಆ ಕುರ್ಚಿಯಲ್ಲಿ ಕೂತರು. ಐದನೆಯ ದಿನ ಹೆಡ್‌ಮಾಸ್ತರರು ಬಂದರು, ಕಾಕಾ ಎದ್ದರು. ಆದರೆ ಮನಸ್ಸಿನಲ್ಲಿ ಇಪ್ಪತ್ತಾರು ವರ್ಷ ಏಳಲೇ ಇಲ್ಲ.

ಮನೆಯನ್ನೇ ಶಾಲೆ ಮಾಡಿದರು. ಪಲ್ಯಕ್ಕೆ ಉಪ್ಪು ಕಡಿಮೆಯಾದರೆ ಮೆಮೋ. ಕಾಕು ನಿಡಗುಂದಿಯ ತವರಿಗೆ ಹೊರಟರೆ ರಜಾ ಅರ್ಜಿ ಬರೆಯಬೇಕು. ಒಮ್ಮೆ ಕಾಕು ಬರೆದರು: "ನಾ ಹೋಗೇನಿ. ರೊಟ್ಟಿ ಬುಟ್ಯಾಗ ಅದಾವು. ಉಣ್ಣರಿ." ಕಾಕಾ ಅದನ್ನು ಕೆಂಪು ಶಾಯಿಯಲ್ಲಿ ತಿದ್ದಿ, 'ಮಾನ್ಯರೇ' ಸೇರಿಸಿ, ಕೆಳಗೆ ಒಂದು ಷರಾ ಬರೆದರು: "ಶಿಫಾರಸು ಮಾಡಿದೆ. ಮಂಜೂರು ಮಾಡುವ ಅಧಿಕಾರ ಮುಖ್ಯೋಪಾಧ್ಯಾಯರಿಗೆ ಇದ್ದು, ಹುದ್ದೆ ಖಾಲಿ ಇರುವುದರಿಂದ ಕಾಯ್ದಿರಿಸಿದೆ." ಹೀಗೆ ಕಾಯ್ದಿರಿಸಿದ ಅರ್ಜಿಗಳ ಫೈಲು ಎರಡು ಗೇಣು ದಪ್ಪವಾಯಿತು. ಕಾಕು ತವರಿಗೆ ಹೋಗಿ ಬಂದು, ಮತ್ತೆ ಹೋಗಿ, ಮತ್ತೆ ಬಂದರೂ ಮೊದಲ ರಜೆ ಮಂಜೂರಾಗಿರಲಿಲ್ಲ. ಬಡ್ತಿ ಸಿಕ್ಕ ಸಂಜೆ ಕಾಕಾ ಮಾಡಿದ ಮೊದಲ ಕೆಲಸವೆಂದರೆ ಆ ಫೈಲು ಇಳಿಸಿ, ಧೂಳು ಝಾಡಿಸಿ, ರಜೆಗಳನ್ನು ಒಂದೊಂದಾಗಿ ಹಸಿರು ಶಾಯಿಯಲ್ಲಿ ಮಂಜೂರು ಮಾಡಿದ್ದು. "ಒಂದು ಅರ್ಜಿ ತಿರಸ್ಕರಿಸೇನಿ," ಎಂದರು ಕಾಕೂಗೆ. "ಗೌರಿ ಹುಣ್ಣಿವಿಗಿ ಹೋದಾಕಿ ಎರಡ ದಿನಾ ಹೆಚ್ಚಿಗಿ ಉಳದಿದ್ದಿ."

"ಆ ಹುಣ್ಣಿವಿ ಆಗಿ ಹದಿನೆಂಟ ವರ್ಷಾತ್ರಿ."

"ಶಿಸ್ತಿಗಿ ವರ್ಷ ಇರೂದಿಲ್ಲ."

ಇಷ್ಟೆಲ್ಲ ಯಾಕೆ? ಅಧಿಕಾರದ ಆಸೆಗೋ, ಸಂಬಳಕ್ಕೋ ಎಂದುಕೊಂಡರೆ ನಿಮ್ಮ ಊಹೆ ತಪ್ಪು. ಕಾಕಾನಿಗೆ ಬೇಕಾದದ್ದು ಒಂದೇ: ಹಲಗೆಯ ಮೇಲೆ ಹೆಸರು.

ಸರಕಾರಿ ಶಾಲೆಯ ಹೆಡ್‌ಮಾಸ್ತರರ ಕೋಣೆ ನೋಡಿದವರಿಗೆ ಆ ಹಲಗೆ ಗೊತ್ತು. ಕುರ್ಚಿಯ ಹಿಂದಿನ ಗೋಡೆಗೆ ತೂಗುಹಾಕಿರುತ್ತಾರೆ. ಕಪ್ಪು ಬಣ್ಣ, ಬಿಳಿ ಅಕ್ಷರ. ಶಾಲೆ ಶುರುವಾದಾಗಿನಿಂದ ಆ ಕುರ್ಚಿಯಲ್ಲಿ ಕೂತವರ ಹೆಸರು, ಎಂದಿನಿಂದ, ಎಂದಿನವರೆಗೆ. ಹುದ್ದೆ ಖಾಲಿ ಬಿದ್ದಾಗ ಪ್ರಭಾರಿ ಎಂದು ಕೆಲಸ ನೋಡಿಕೊಂಡವರ ಹೆಸರನ್ನು ಬರೆಯುವ ಪದ್ಧತಿ ಇಲ್ಲ. "ರೇಶನ್ ಕಾರ್ಡಿನ್ಯಾಗ ಹೆಸರ ಬರತೈತಿ, ಹೋಗತೈತಿ," ಎನ್ನುತ್ತಿದ್ದರು ಕಾಕಾ. "ಆ ಹಲಗಿ ಮ್ಯಾಲಿಂದ ಹೆಸರ ಅಳಸೋ ಸರಕಾರ ಇನ್ನೂ ಹುಟ್ಟಿಲ್ಲ ತಮ್ಮಾ."

ಕೆಲವು ವರ್ಷಗಳ ಹಿಂದೆ ಮುದ್ದೇಬಿಹಾಳದಲ್ಲಿ ನಮ್ಮಕ್ಕನ ಮದುವೆ. ಅಕ್ಷತೆಯ ಹೊತ್ತಿಗೆ ಕಾಕಾ ಮಾಯ. ಹುಡುಕುತ್ತ ಹೋದರೆ, ಮಂಗಲ ಕಾರ್ಯಾಲಯದ ಪಕ್ಕದ ಶಾಲೆಯಲ್ಲಿ, ಬೀಗ ಹಾಕಿದ ಆಫೀಸಿನ ಕಿಟಕಿಯ ಸರಳು ಹಿಡಿದು, ಪಟಗ ಸುತ್ತಿದ ತಲೆಯನ್ನು ಒಳಗೆ ತೂರಿಸಿ ಹಲಗೆ ಓದುತ್ತಿದ್ದರು.

"ಕಾಕಾ, ಅಲ್ಲಿ ಅಕ್ಕಿಕಾಳ ಬೀಳಾಕತ್ತಾವು."

"ಬೀಳ್ಲಿ ಬಿಡು. ಇಲ್ಲಿ ಏಳನೆಯಾವ ಬರೇ ಮೂರು ತಿಂಗಳಿಗೆ ಹೋಗ್ಯಾನ. ಏನಾಗಿರಬೇಕಂವಗ?"

ಏನಾಗಿತ್ತೋ ತಿಳಿಯದು. ಕಾಕಾನ ತಲೆ ಮಾತ್ರ ಸರಳಿನಿಂದ ಹೊರಗೆ ಬರಲಿಲ್ಲ. ಪಟಗ ಬಿಚ್ಚಿ ಒಳಗೇ ಬಿಟ್ಟ ಮೇಲೆ ಬಂತು. ಮದುವೆಯ ಎಲ್ಲ ಫೋಟೋಗಳಲ್ಲೂ ಕಾಕಾ ಬರಿತಲೆಯಲ್ಲಿದ್ದಾರೆ.

ಚುನಾವಣಾ ಡ್ಯೂಟಿ ಬಂದರೆ ಉಳಿದ ಮಾಸ್ತರರು ಬಿಪಿ, ಶುಗರ್, ಮಂಡಿನೋವು ಎಲ್ಲ ತೆಗೆದುಕೊಂಡು ತಹಶೀಲ್ದಾರರ ಮುಂದೆ ನಿಲ್ಲುತ್ತಿದ್ದರು. ಕಾಕಾ ದೂರದ ಮತಗಟ್ಟೆಯೇ ಬೇಕೆಂದು ನಿಲ್ಲುತ್ತಿದ್ದರು. ಮತಗಟ್ಟೆ ಎಂದರೆ ಶಾಲೆ, ಶಾಲೆ ಎಂದರೆ ಹಲಗೆ. ಯಾವ ಊರಿನ ಹಲಗೆಯಲ್ಲಿ ಎಷ್ಟು ಸಾಲು ಖಾಲಿ ಎಂಬ ಟಿಪ್ಪಣಿ ಅವರ ಕಿಸೆಯ ಡೈರಿಯಲ್ಲಿ ಇರುತ್ತಿತ್ತು.

ಬಡ್ತಿಯ ಕೌನ್ಸೆಲಿಂಗ್ ನಡೆದದ್ದು ವಿಜಯಪುರದಲ್ಲಿ. ಕಾಕಾನನ್ನು ನನ್ನ ಕಾರಿನಲ್ಲಿ ಕರೆದುಕೊಂಡು ಹೋಗಿದ್ದೆ. ಗೋಡೆಯ ಮೇಲಿನ ಪರದೆಯಲ್ಲಿ ಖಾಲಿ ಇರುವ ಶಾಲೆಗಳ ಹೆಸರು. ಕರೆದವರು ಎದ್ದು ಒಂದನ್ನು ಆರಿಸಬೇಕು. ಬಸ್ಸು ಎಷ್ಟಿವೆ, ಬಾಡಿಗೆ ಮನೆ ಸಿಗುತ್ತದೋ ಎಂದು ಎಲ್ಲರೂ ಪಿಸುಗುಡುತ್ತಿದ್ದರು. ಕಾಕಾ ಡೈರಿ ತೆರೆದು ನನ್ನ ಕಿವಿಯಲ್ಲಿ ಹೇಳುತ್ತ ಹೋದರು. "ಇಂಡಿದು ಭರ್ತಿ ಆಗೈತಿ, ಕಡೀ ಹೆಸರ ಚೌಕಟ್ಟಿನ ಮ್ಯಾಲ ಬರದಾರ. ಮುದ್ದೇಬಿಹಾಳದ್ದಕ್ಕ ಗೆದ್ದಲ ಹತ್ತೈತಿ, ಮೂರ ಮಂದೀನ ತಿಂದೈತಿ. ನಮ್ಮ ಸಿಂದಗಿದ್ರಾಗ ಹಲಗೀನ ಇಲ್ಲ."

ಹೆಸರು ಕರೆದಾಗ ಕಾಕಾ ಎದ್ದು ಬಸವನ ಬಾಗೇವಾಡಿ ತಾಲೂಕಿನ, ಮಸೂತಿಯಿಂದಾಚೆಯ ಒಂದು ಸಣ್ಣ ಊರಿನ ಶಾಲೆ ಹೇಳಿದರು. ಅಧಿಕಾರಿ ಅವರ ಕಾಗದ ನೋಡಿ ಮರುಕಪಟ್ಟರು.

"ಗುರುಗಳ, ನಿಮಗ ಹತ್ತೊಂಬತ್ತ ದಿನ ಉಳದಾವು. ನಿಮ್ಮ ಮನಿ ಬಾಜೂಕ ಜಾಗ ಖಾಲಿ ಐತಲ್ರಿ."

"ಮನಿ ಬಾಜೂಕ ಹಲಗಿ ಇಲ್ರಿ ಸಾಹೇಬ್ರ."

"ಈ ಸಾಲ್ಯಾಗ ಹನ್ನೊಂದ ವರ್ಷದಿಂದ ಹುದ್ದೆ ಖಾಲಿ ಐತ್ರಿ. ಯಾರೂ ಹೋಗವಲ್ಲರು."

"ಅದಕ್ಕ ಅಲ್ಲಿ ಒಂದು ಸಾಲು ಉಳದೈತ್ರಿ," ಎಂದರು ಕಾಕಾ, ಪರಮ ಸಂತೋಷದಿಂದ.

ಕಾಕೂನ ತಂಗಿಯ ಮನೆ ಬಾಗೇವಾಡಿಯಲ್ಲಿತ್ತು. ಕಾಕೂನನ್ನೂ ಕರೆದುಕೊಂಡು ಅಲ್ಲಿ ಠಿಕಾಣಿ ಹೂಡಿ ಮರುದಿನವೇ ಶಾಲೆಗೆ ಹೊರಟೆವು. ಗೇಟಿನಲ್ಲಿ ಹಸೀನಾ ಟೀಚರ್ ಕಾಯುತ್ತಿದ್ದರು. ಹನ್ನೊಂದು ವರ್ಷ ಪ್ರಭಾರಿಯಾಗಿ ಆ ಶಾಲೆ ನಡೆಸಿದವರು ಅವರೇ. ಐವತ್ತರ ಆಸುಪಾಸು, ತೆಳ್ಳಗಿನ ಜೀವ, ಕೈಯಲ್ಲಿ ಬಟ್ಟೆಯ ಚೀಲದ ತುಂಬ ಬೀಗದ ಕೈ. ಕಾಕಾ ಹೊಸ ಪ್ಯಾಂಟಿನ ಗತ್ತಿನಲ್ಲಿ ಆಫೀಸು ಕೋಣೆಯ ಕೀಲಿ ತಿರುಗಿಸಿದರು. ಬಾಗಿಲು ಅಲುಗಲಿಲ್ಲ.

"ಮ್ಯಾಲ ಎತ್ತಿ ಹಿಡೀಬೇಕ್ರಿ ಸರ್," ಎಂದು ಟೀಚರು ಮೊಣಕಾಲು ಕೊಟ್ಟು ಎತ್ತಿದರು. ಬಾಗಿಲು ತೆರೆಯಿತು.

"ಹನ್ನೊಂದ ವರ್ಷ ಖಾಲಿ ಇತ್ತಲ್ಲ ಈ ಕುರ್ಚಿ," ಎಂದರು ಕಾಕಾ, ಹಲಗೆಯ ಕೊನೆಯ ಖಾಲಿ ಸಾಲನ್ನೇ ನೋಡುತ್ತ.

"ಹೌದ್ರಿ ಸರ್, ಖಾಲಿ ಇತ್ರಿ," ಎಂದರು ಟೀಚರು.

ಅವತ್ತೇ ಪ್ರಾರ್ಥನೆಯೂ ಆಯಿತು. ಮಕ್ಕಳಿಲ್ಲದಿದ್ದರೇನು? ಕಾಕೂನನ್ನೂ ನನ್ನನ್ನೂ ಎತ್ತರದ ಪ್ರಕಾರ ನಿಲ್ಲಿಸಿದರು. ನಾಡಗೀತೆ ಅರ್ಧಕ್ಕೆ ಬಂದಾಗ ಆಡುಗಳು ಒಳಗೆ ಬಂದವು. ದಿನಚರಿಯಲ್ಲಿ ಕಾಕಾ ಪ್ರಾಮಾಣಿಕವಾಗಿ ಬರೆದರು: "ಹಾಜರಿ: ಮಕ್ಕಳು ಇಲ್ಲ. ಹೆಂಡತಿ ಒಂದು. ಅಣ್ಣನ ಮಗ ಒಂದು. ಆಡು ಆರು, ಎಲ್ಲವೂ ತಡವಾಗಿ." ಹಲಗೆಗೆ ಹೆಸರು ಬರೆಯಲು ಬಾಗೇವಾಡಿಯ ಪೇಂಟರ್ ಬಂದು, "ಎಂದಿನಿಂದ, ಎಂದಿನವರೆಗೆ, ಎರಡೂ ಈಗ ಬರದಬಿಡ್ಲೇನ್ರಿ? ಹೆಂಗೂ ಗೊತ್ತ ಐತಲ್ಲ," ಎಂದಾಗ ಮಾತ್ರ ಕಾಕಾ ಸಿಟ್ಟಾದರು. ಮಕ್ಕಳಿಲ್ಲದಾಗ ಬರೆಸಿದರೆ ಓದುವವರು ಯಾರು? ಶಾಲೆ ಶುರುವಾಗುವ ದಿನ ಬಾ ಎಂದು ಕಳಿಸಿದರು.

ನಾನು ಸಿಂದಗಿಗೆ ಮರಳಿದೆ. ಕಾಕಾ ದಿನಾ ಹೋಗಿ, ಖಾಲಿ ಶಾಲೆಯಲ್ಲಿ ಗಂಟೆ ಬಾರಿಸಿ, ಕುರ್ಚಿಯಲ್ಲಿ ಕೂತು ಹಳೆಯ ಕಡತ ಓದುತ್ತಿದ್ದರಂತೆ. ಎರಡನೆಯ ವಾರ ಕಾಕು ಫೋನು ಮಾಡಿದರು.

"ಯಾಕೋ ಸುಮ್ಮನ ಆಗ್ಯಾರಪಾ. ಬೇಕಂತ ಉಪ್ಪ ಹಾಕದ ಪಲ್ಯಾ ಬಡಿಸಿದೆ. ಮೆಮೋ ಕೊಡಲಿಲ್ಲ. ಉಂಡ ಎದ್ದರು."

"ಆರಾಮ ಇಲ್ಲೇನು?"

"ಆರಾಮ ಅದಾರ. ಸಂಜಿಗಿ ಬಂದು, ಆ ಟೀಚರ್ ಕಂಪೌಂಡ್ ಗ್ವಾಡಿ ಸಲವಾಗಿ ಹದಿನಾಕ ಪತ್ರ ಬರದಾಳ ಅಂದ್ರು. ಮಳಿಗಿ ಛತ್ತ ಸೋರಿದಾಗ ಒಂದನೇತ್ತಾ, ಎರಡನೇತ್ತಾ ಕ್ಲಾಸ ತನ್ನ ಮನಿ ಪಡಸಾಲ್ಯಾಗ ನಡೆಸ್ಯಾಳ ಅಂದ್ರು. ಅಷ್ಟ ಅಂದು ಮಕ್ಕೊಂಡ್ರು."

ಶಾಲೆ ಶುರುವಾದ ದಿನ ನಾನು ಬೆಳಿಗ್ಗೆಯೇ ಹಾಜರಾದೆ. ಕಾಕಾನ ಇಪ್ಪತ್ತಾರು ವರ್ಷದ ಆಸೆ ಈಡೇರುವುದನ್ನು ಫೋಟೋ ಹಿಡಿಯುವ ಕೆಲಸ ನನ್ನದು. ಗೇಟಿಗೆ ಮಾವಿನ ತೋರಣ. ಒಳಗೆ ಪೇಂಟರು ಸ್ಟೂಲಿನ ಮೇಲೆ ನಿಂತು, ಖಾಲಿ ಸಾಲಿಗೆ ಸೀಸದಿಂದ ಗೆರೆ ಹಾಕುತ್ತಿದ್ದ. ಮಕ್ಕಳು ಬಂದವು. ಕಾಕಾ ಇಸ್ತ್ರಿಯ ಪ್ಯಾಂಟಿನಲ್ಲಿ, ಹೂವಿನ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಒಂದೊಂದು ಮಗುವೂ ಅವರ ಕೈಯಿಂದ ಹೂವು ಇಸಿದುಕೊಂಡು, ಅವರನ್ನು ದಾಟಿ, ಓಡಿಹೋಗಿ ಅದನ್ನು ಹಸೀನಾ ಟೀಚರಿಗೆ ಕೊಟ್ಟಿತು. ಟೀಚರಿಗೆ ನಾಚಿಕೆಯಾಯಿತು. "ಲೇ, ಸರ್‌ಗೆ ಕೊಡ್ರಿ. ಅವರು ಹೆಡ್‌ಮಾಸ್ತರ್," ಎಂದು ಗದರಿದರು.

"ಮತ್ತ ನೀವು ಯಾರ್ರಿ?" ಎಂದಳು ಸಾಲಿನಲ್ಲಿದ್ದ ಒಬ್ಬ ಹುಡುಗಿ.

ಟೀಚರು ಅವಳ ಭುಜ ಹಿಡಿದು ಸಾಲಿನಲ್ಲಿ ನೆಟ್ಟಗೆ ನಿಲ್ಲಿಸಿದರು.

ಒಳಗಿನಿಂದ ಪೇಂಟರು ಕೂಗಿದ. "ಸರ್, ಬಣ್ಣ ಒಣಗಾಕತ್ತೈತಿ. ಹೆಸರ ಹೇಳ್ರಿ."

ಕಾಕಾ ಬುಟ್ಟಿ ನನ್ನ ಕೈಗೆ ಕೊಟ್ಟು ಒಳಗೆ ಹೋದರು. ನಾನು ಫೋನಿನ ಕ್ಯಾಮೆರಾ ತೆರೆದೆ. ಕಾಕಾ ಹಲಗೆಯ ಹೆಸರುಗಳನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ಓದಿದರು. ಆಮೇಲೆ ಒಂದೊಂದೇ ಅಕ್ಷರ ಬಿಡಿಸಿ ಹಸೀನಾ ಟೀಚರ ಪೂರ್ತಿ ಹೆಸರು ಹೇಳಿದರು. ಅವರ ತಂದೆಯ ಹೆಸರೂ, ಕುರ್ಚಿಗೆ ಕೂತ ದಿನವೂ ಕಾಗದ ನೋಡದೆಯೇ ಬಾಯಿಗೆ ಬಂದವು. 'ಎಂದಿನವರೆಗೆ' ಎಂಬಲ್ಲಿ ತಾವು ಬಂದದ್ದರ ಹಿಂದಿನ ದಿನ ಬರೆಸಿದರು.

"ಅಲ್ರಿ ಸರ್, ನಿಮ್ಮದು?" ಎಂದ ಪೇಂಟರು. "ಇನ್ನ ಕೆಳಗ ಜಾಗ ಇಲ್ರಿ."

"ಕಣ್ಣ ಅದಾವ ನನಗ."

ಟೀಚರು ಬಾಗಿಲಿಗೆ ಬಂದು ನಿಂತಿದ್ದರು. "ಸರ್, ಪ್ರಭಾರಿಗಳ ಹೆಸರ ಬರಿಯೂ ನಿಯಮ ಇಲ್ರಿ. ನಾಳೆ ಯಾರರೆ ಕೇಳಿದ್ರ?"

"ಹೆಡ್‌ಮಾಸ್ತರ್ ಹುಕುಂ ಐತಿ ಅನ್ರಿ. ಇನ್ನೂ ಎರಡ ದಿನಾ ನಾನ ಅದೇನಿ."

ಮೂರನೆಯ ದಿನ ಶಾಲು, ಹಾರ, ಪೇಡೆಯೊಂದಿಗೆ ಕಾಕಾ ನಿವೃತ್ತರಾದರು. ಕಾರಿನಲ್ಲಿ ಸಿಂದಗಿಗೆ ಬರುವಾಗ ಕಾಕು ಒಂದೇ ಮಾತು ಕೇಳಿದರು. "ನಿಮಗ ಕೆಟ್ಟ ಅನಸಲಿಲ್ಲೇನು?"

"ಅನಸ್ತು," ಎಂದರು ಕಾಕಾ. ಪೇಡೆಯ ಡಬ್ಬಿ ತೆರೆದು ಮೊದಲನೆಯದನ್ನು ಕಾಕೂಗೆ ಕೊಟ್ಟರು.

ಮುಂದೆ ಮಳೆಗಾಲದಲ್ಲಿ ಒಂದು ದಿನ ಹಸೀನಾ ಟೀಚರು ತಮ್ಮ ತಾಯಿಯನ್ನು ಶಾಲೆಗೆ ಕರೆದುಕೊಂಡು ಹೋದರಂತೆ. ತಾಯಿಗೆ ಓದು ಬಾರದು. ಹಲಗೆಯಲ್ಲಿ ಮಗಳ ಹೆಸರು ಯಾವುದೆಂದು ಕೇಳಿದಳು. ಟೀಚರು ಕೊನೆಯ ಸಾಲು ತೋರಿಸಿದರು. ಮುದುಕಿ ಸೆರಗಿನಿಂದ ಆ ಸಾಲನ್ನು ಒರೆಸಿ, "ಬರೆಸಿದ ಸಾಹೇಬರದು ಯಾವುದವ್ವಾ?" ಎಂದಳು. ಅವರದು ಇಲ್ಲ ಎಂದರು ಟೀಚರು. ಮುದುಕಿ ಸಾಲಿನ ಕೆಳಗಿನ ಬರಿಯ ಚೌಕಟ್ಟನ್ನೂ ಒರೆಸಿ ಹೊರಗೆ ಬಂದಳಂತೆ.